ಮದುವೆ ಡಿವಿಡಿ ಓಡುತ್ತಿಲ್ಲವೇ? ತಪ್ಪು ಡಿಸ್ಕಿನದ್ದೋ, ಡ್ರೈವಿನದ್ದೋ, ಕಂಪ್ಯೂಟರಿನದ್ದೋ ಹುಡುಕುವ ಬಗೆ

ಹಾಸನ, ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ಯಾವ ಮನೆಯ ಬೀರು ತೆಗೆದರೂ ಒಂದು ಡಬ್ಬಿ ತುಂಬ ಡಿಸ್ಕ್ ಸಿಗುತ್ತದೆ. ಮದುವೆ, ಗೃಹಪ್ರವೇಶ, ಊರಿನ ಜಾತ್ರೆ, ಶಾಲೆಯ ವಾರ್ಷಿಕೋತ್ಸವ. ಜೊತೆಗೆ ಅಂಗಡಿಯಿಂದ ತಂದ ಒಂದಷ್ಟು ಸಿನಿಮಾ. ಈಗ ಹಳೆಯ ಪ್ಲೇಯರ್ ಕೆಟ್ಟಿದೆ. ಟಿವಿಗೆ ಒಂದು ಕಂಪ್ಯೂಟರ್ ಜೋಡಿಸಿ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿಡೋಣ ಎಂದು ಕೂರುತ್ತೀರಿ. ಒಂದು ಡಿಸ್ಕ್ ಚೆನ್ನಾಗಿ ಓಡುತ್ತದೆ. ಇನ್ನೊಂದು ಧಾರೆಯ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತದೆ. ಮತ್ತೊಂದನ್ನು ಡ್ರೈವ್ ಗುರುತಿಸುವುದೇ ಇಲ್ಲ.

"ಡಿಸ್ಕ್ ಹೋಯ್ತು ಬಿಡಿ" ಎಂದು ಅಲ್ಲಿಗೇ ಕೈಬಿಡುವವರು ಜಾಸ್ತಿ. ದಯವಿಟ್ಟು ಕೈಬಿಡಬೇಡಿ. ಹೀಗೆ ಪಕ್ಕಕ್ಕಿಟ್ಟ ಎಷ್ಟೋ ಡಿಸ್ಕ್‌ಗಳು ಬೇರೆ ಡ್ರೈವಿನಲ್ಲಿ ಸಲೀಸಾಗಿ ಓದಿಸಿಕೊಂಡಿದ್ದನ್ನು ನಾನು ನೋಡಿದ್ದೇನೆ. ನೆಂಟರ ಮನೆ, ಗೆಳೆಯರ ಮನೆ ಎಂದು ಈ ಕೆಲಸ ಮಾಡುತ್ತಾ ನಾನು ಪಾಲಿಸುವ ನಿಯಮ ಇಷ್ಟೇ: ತಪ್ಪು ಯಾರದ್ದು ಎಂದು ಗೊತ್ತಾಗುವವರೆಗೆ ಡಿಸ್ಕ್ ಅನ್ನು ಉಜ್ಜಬಾರದು, ಮತ್ತೆ ಮತ್ತೆ ಓಡಿಸಲೂ ಬಾರದು. ಗೊತ್ತಾದ ಮೇಲೆ ಒಂದೇ ಸಲ ಪೂರ್ತಿ ಓದಿಸಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಉಳಿದ ಪ್ರಯೋಗ ಏನಿದ್ದರೂ ಆ ಕಾಪಿಯ ಮೇಲೆ.

ಮೊದಲು ಅದಲು ಬದಲು

ಎರಡು ಡಿಸ್ಕ್ ಬೇಕು. ಒಂದು ತೊಂದರೆ ಕೊಡುತ್ತಿರುವುದು. ಇನ್ನೊಂದು ಅದೇ ಜಾತಿಯದ್ದು, ಆದರೆ ಚೆನ್ನಾಗಿ ಓಡುತ್ತದೆ ಎಂದು ಗೊತ್ತಿರುವುದು. ಜಾತಿ ಒಂದೇ ಆಗಿರಬೇಕು ಎನ್ನುವುದನ್ನು ಮರೆಯಬೇಡಿ. ಅಂಗಡಿಯ ಸಿನಿಮಾ ಓಡಿತು, ಮದುವೆ ಡಿವಿಡಿ ಓಡಲಿಲ್ಲ ಎಂದರೆ ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಸಿನಿಮಾ ಡಿಸ್ಕ್ ಕಾರ್ಖಾನೆಯಲ್ಲಿ ಅಚ್ಚು ಒತ್ತಿದ್ದು. ಮದುವೆಯದ್ದು ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ರೈಟ್ ಮಾಡಿಕೊಟ್ಟಿದ್ದು, ಅದರೊಳಗೆ ಲೇಸರ್ ಬೆಳಕಿಗೆ ಬದಲಾಗುವ ಬಣ್ಣದ ಪದರ ಇರುತ್ತದೆ. ಓದುವ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಚ್ಚಿನದ್ದು ಬೆಳ್ಳಿಯ ಹಾಗೆ ಕಾಣುತ್ತದೆ, ರೈಟ್ ಮಾಡಿದ್ದರಲ್ಲಿ ನೇರಳೆ ಛಾಯೆ ಇರುತ್ತದೆ.

ಈ ಭೇದ ಇನ್ನೊಂದು ಕಾರಣಕ್ಕೂ ಮುಖ್ಯ. ಸ್ಟುಡಿಯೋದವರು ಕೊಟ್ಟ ಡಿಸ್ಕಿಗೆ ಸಾಮಾನ್ಯವಾಗಿ ಯಾವ ಬೀಗವೂ ಇರುವುದಿಲ್ಲ. ಅದು ಓಡದಿದ್ದರೆ ಸಂಶಯ ಡಿಸ್ಕ್, ಡ್ರೈವ್, ಕೇಬಲ್, ಕರೆಂಟಿನ ಮೇಲೆ. ಅಂಗಡಿ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಸಿಎಸ್‌ಎಸ್ ಎನ್ನುವ ಗೂಢಲಿಪಿ ಬೀಗ ಇದೆ. ಅವು ಓಡದಿದ್ದರೆ ಮೊದಲ ಸಂಶಯ ಸಾಫ್ಟ್‌ವೇರ್ ಮತ್ತು ರೀಜನ್ (ಯಾವ ದೇಶಗಳಲ್ಲಿ ಓಡಬೇಕು ಎಂದು ಡಿಸ್ಕಿಗೆ ಹಾಕಿದ ನಂಬರು) ಮೇಲೆ.

ಇನ್ನು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಪ್ರತಿ ಸಲ ಅದೇ ನಿಮಿಷಕ್ಕೆ, ಅದೇ ದೃಶ್ಯಕ್ಕೆ ನಿಂತರೆ ದೋಷ ಹೆಚ್ಚಾಗಿ ಡಿಸ್ಕಿನಲ್ಲಿದೆ (ಸಿನಿಮಾ ಸರಿಯಾಗಿ ನಡುಭಾಗದಲ್ಲಿ ನಿಲ್ಲುವುದು ಬೇರೆ, ಅದನ್ನು ಮುಂದೆ ಹೇಳುತ್ತೇನೆ). ಒಮ್ಮೆ ಹತ್ತನೇ ನಿಮಿಷ, ಒಮ್ಮೆ ನಲವತ್ತನೇ ನಿಮಿಷ ಎಂದು ಜಾಗ ಬದಲಾಗುತ್ತಿದ್ದರೆ ಡಿಸ್ಕ್ ಪಾಪದ್ದು. ಡ್ರೈವ್, ಕೇಬಲ್ ಅಥವಾ ಕರೆಂಟು ಆಟ ಆಡುತ್ತಿದೆ. ಎಲ್ಲ ಪರೀಕ್ಷೆಗಳಿಗಿಂತ ನನಗೆ ಇದರ ಮೇಲೆ ನಂಬಿಕೆ ಹೆಚ್ಚು, ಏಕೆಂದರೆ ಗೀರು ಜಾಗ ಬಿಟ್ಟು ಓಡಾಡುವುದಿಲ್ಲ ಅಲ್ವಾ?

ವಿಂಡೋಸ್ ಇದ್ದರೆ ಈವೆಂಟ್ ವ್ಯೂಯರ್ ತೆಗೆದು ಸಿಸ್ಟಮ್ ಲಾಗ್ ನೋಡಿ. ಸೀಡಿ-ರಾಮ್ ಹೆಸರಿನಲ್ಲಿ 7ನೇ ನಂಬರಿನ 'ಬ್ಯಾಡ್ ಬ್ಲಾಕ್' ದೂರು ಇದ್ದರೆ ಡ್ರೈವಿಗೆ ಡಿಸ್ಕಿನ ಆ ಭಾಗ ಓದಲು ಆಗಿಲ್ಲ. 11ನೇ ನಂಬರಿನ 'ಕಂಟ್ರೋಲರ್ ಎರರ್' ಇದ್ದರೆ ಕೇಬಲ್ ಕಡೆ ನೋಡಿ. ಲಿನಕ್ಸ್ ಆದರೆ ಟರ್ಮಿನಲ್‌ನಲ್ಲಿ ಡಿ-ಎಂ-ಇ-ಎಸ್-ಜಿ ಎಂದು ಒಟ್ಟಾಗಿ ಟೈಪ್ ಮಾಡಿದರೆ ಕರ್ನಲ್ ಬರೆದಿಟ್ಟ ಸಂದೇಶಗಳು ಬರುತ್ತವೆ. 'ಮೀಡಿಯಂ ಎರರ್' ಎಂದಿದ್ದರೆ ಓದುವ ತೊಂದರೆ. 'ರೀಡ್ ಆಫ್ ಸ್ಕ್ರ್ಯಾಂಬಲ್ಡ್ ಸೆಕ್ಟರ್ ವಿದೌಟ್ ಅಥೆಂಟಿಕೇಷನ್' ಎಂದಿದ್ದರೆ ಡಿಸ್ಕಿನಲ್ಲಿ ಗೀರು ಹುಡುಕಬೇಡಿ. ಬೀಗ ತೆರೆದಿಲ್ಲ ಎನ್ನುವುದಷ್ಟೇ ಅದರ ಅರ್ಥ.

ಡ್ರೈವಿನ ರೋಗಗಳು

ಡಿವಿಡಿ ಓದುವ ಲೇಸರ್ 650 ನ್ಯಾನೋಮೀಟರಿನ ಕೆಂಪು ಬೆಳಕು. ಸೀಡಿ ಓದುವುದು 780 ನ್ಯಾನೋಮೀಟರಿನದ್ದು, ಕಣ್ಣಿಗೆ ಕಾಣುವ ಬೆಳಕಿನ ಅಂಚಿನಾಚೆಗೆ. ಒಂದೇ ಡ್ರೈವಿನಲ್ಲಿ ಎರಡೂ ಇರುತ್ತವೆ. ಹಾಗಾಗಿ ಹಾಡಿನ ಸೀಡಿ ಚೆನ್ನಾಗಿ ಓಡಿ, ಯಾವ ಡಿವಿಡಿಯೂ ಓಡದಿದ್ದರೆ ಡ್ರೈವಿನ ಡಿವಿಡಿ ಭಾಗ ಸೋತಿರಬಹುದು. "ಸೀಡಿ ಓಡುತ್ತೆ, ಅಂದ್ಮೇಲೆ ಡ್ರೈವ್ ಸರಿಯಾಗಿದೆ" ಎನ್ನುವ ಮಾತನ್ನು ನಂಬಬೇಡಿ.

ಡ್ರೈವ್ ಸೋಲುವುದಕ್ಕೆ ಒಂದು ಕ್ರಮ ಇದೆ. ಮಾಹಿತಿ ಒಂದೇ ಪದರದಲ್ಲಿರುವ ಡಿಸ್ಕ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 45ರಿಂದ 85ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಪದರದ್ದು ಮತ್ತು ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಕಳಿಸುವುದು ಶೇಕಡಾ 18ರಿಂದ 30 ಮಾತ್ರ. ಲೆನ್ಸ್ ಮಂಕಾದಾಗ ಮೊದಲು ಈ ಎರಡು ಕೈಕೊಡುತ್ತವೆ. ಆಮೇಲೆ ಮದುವೆ ಡಿವಿಡಿ. ಒಂದೇ ಪದರದ ಹೊಸ ಸಿನಿಮಾ ಡಿಸ್ಕ್ ಕೊನೆಯವರೆಗೂ ಓಡುತ್ತಿರುತ್ತದೆ. ನಿಮ್ಮ ಮನೆಯ ಡ್ರೈವ್ ಈ ಕ್ರಮದಲ್ಲೇ ಒಂದೊಂದನ್ನಾಗಿ ಬಿಡುತ್ತಾ ಬಂದಿದ್ದರೆ ಡಿಸ್ಕ್‌ಗಳನ್ನು ದೂರಬೇಡಿ. ಸಿನಿಮಾ ಸರಿಯಾಗಿ ನಡುಭಾಗದಲ್ಲಿ ನಿಲ್ಲುವುದೂ ಇದೇ ಗುಂಪಿಗೆ ಸೇರಿದ ತೊಂದರೆ. ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಮೊದಲ ಪದರವನ್ನು ಒಳಗಿನಿಂದ ಹೊರಗೆ ಓದಿ, ಎರಡನೆಯದನ್ನು ಹೊರಗಿನಿಂದ ಒಳಗೆ ಓದುತ್ತಾ ಬರುತ್ತದೆ. ಪದರ ಬದಲಿಸುವ ಆ ಕ್ಷಣದಲ್ಲಿ ಸೋತ ಡ್ರೈವ್ ಎಡವುತ್ತದೆ.

ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸ್ ಮಾತ್ರ ಹೇಗೆ ಉಳಿದೀತು? ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಡ್ರೈವಿನ ಲೆನ್ಸ್ ಮೇಲೆ ತೆಳ್ಳಗೆ ಮಂಜಿನಂತಹ ಪದರ ಕೂರುತ್ತದೆ. ಅಡಿಗೆ ಮನೆಯ ಹೊಗೆ, ಎಣ್ಣೆಯ ಪಸೆ ಸೇರಿದರೆ ಇನ್ನೂ ಬೇಗ.

ಲ್ಯಾಪ್‌ಟಾಪ್ ಮಾದರಿಯ ತೆಳು ಡ್ರೈವ್ ಆದರೆ ಟ್ರೇ ಎಳೆದಾಗ ಲೆನ್ಸ್ ಎದುರಿಗೇ ಕಾಣುತ್ತದೆ. ಕರೆಂಟು ಪೂರ್ತಿ ತೆಗೆಯಿರಿ. ರಬ್ಬರ್ ಬಲ್ಬಿನ ಬ್ಲೋವರ್‌ನಿಂದ ಧೂಳು ಊದಿ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿ, ಭಾರ ಹಾಕದೆ ಲೆನ್ಸ್ ಸವರಿ. ಲೆನ್ಸ್ ಕೂತಿರುವುದು ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ, ಒತ್ತಿದರೆ ಮುಗಿಯಿತು. ಒಣಗಲು ಬಿಟ್ಟು ಆಮೇಲೆ ಪರೀಕ್ಷಿಸಿ. ಡೆಸ್ಕ್‌ಟಾಪಿನ ದೊಡ್ಡ ಡ್ರೈವಿನಲ್ಲಿ ಲೆನ್ಸ್ ಒಳಗಿರುತ್ತದೆ. ಸಣ್ಣ ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಒಂದು ಸಲ ಓಡಿಸಿ ನೋಡಬಹುದು. ಆಗಲಿಲ್ಲ ಎಂದರೆ ಅದನ್ನು ಬಿಚ್ಚಿ ಕೂರುವುದಕ್ಕಿಂತ ಬೇರೆ ಡ್ರೈವ್ ಹಾಕುವುದೇ ಸರಿ. ಹಳೆಯ ಕಂಪ್ಯೂಟರ್ ಬಿಚ್ಚಿ ಮಾರುವ ಅಂಗಡಿಗಳಲ್ಲಿ ಕೇಳಿ. ಈಗ ಡಿವಿಡಿ ಡ್ರೈವ್ ಕೇಳುವವರು ಕಡಿಮೆ, ಹಾಗಾಗಿ ಕೊಡುತ್ತಾರೆ.

ತಣ್ಣನೆಯ ಕೋಣೆಯ ಡಿಸ್ಕನ್ನು ಜನ ತುಂಬಿದ ಬೆಚ್ಚಗಿನ ಹಾಲ್‌ಗೆ ತಂದ ತಕ್ಷಣ ಡ್ರೈವಿಗೆ ಹಾಕಬೇಡಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ನೀರಿನ ಹನಿ ಕೂತಿರುತ್ತದೆ. ಅರ್ಧ ಗಂಟೆ ಹೊರಗಿಡಿ. ಚಿಕ್ಕಮಗಳೂರಿನ ಚಳಿಗಾಲದ ಬೆಳಿಗ್ಗೆ ಗುರುತಿಸದ ಡಿಸ್ಕ್ ಮಧ್ಯಾಹ್ನ ಏನೂ ಮಾಡದೆ ಓಡುವುದುಂಟು.

ಕರೆಂಟು

ಯುಎಸ್‌ಬಿ ಡ್ರೈವ್ ಬಳಸುವವರು ಇದನ್ನು ಮೊದಲು ನೋಡಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಪೋರ್ಟ್ ಕೊಡುವುದು 900. ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಡ್ರೈವ್ ಜಾಸ್ತಿ ಎಳೆಯುತ್ತದೆ. ಪೋರ್ಟ್ ಅಷ್ಟು ಕೊಡದಿದ್ದರೆ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಡಿಸ್ಕ್ ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಇಂತಹ ಡ್ರೈವ್ ಅನ್ನು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ನೇರ ಚುಚ್ಚಿ. ಉದ್ದದ ಎಕ್ಸ್‌ಟೆನ್ಶನ್ ವೈರ್ ಬೇಡ. ಎರಡು ತಲೆಯ ಕೇಬಲ್ ಜೊತೆಗೆ ಬಂದಿದ್ದರೆ ಎರಡೂ ತಲೆ ಹಾಕಿ, ಎರಡನೆಯದು ಇರುವುದೇ ಹೆಚ್ಚಿನ ಕರೆಂಟಿಗೆ. ರಾಸ್ಪ್‌ಬೆರಿ ಪೈ ಎನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಕೋಡಿ ಎನ್ನುವ ವಿಡಿಯೋ ನೋಡುವ ಸಾಫ್ಟ್‌ವೇರ್ ಹಾಕಿಕೊಂಡವರಿಗೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಇದ್ದರೆ ಒಳ್ಳೆಯದು. ಪೈ 4ರ ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ ಸೇರಿ ಕೊಡುವುದು 1.2 ಆಂಪ್.

ತೋಟದ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತದೆ, ಮಳೆ ಗಾಳಿಗೆ ಲೈನ್ ಹೋಗಿ ಬಂದು ಮಾಡುತ್ತದೆ. ದೊಡ್ಡ ಕಾಪಿ ಕೆಲಸವನ್ನು ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಇನ್ವರ್ಟರ್ ಹಳೆಯ ಚೌಕ ಅಲೆಯದ್ದಾದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರಬಹುದು. ಕಾಪಿ ಮಾಡಿದ ಫೈಲಿನಲ್ಲಿ ಆ ಸದ್ದು ಸೇರುವುದಿಲ್ಲ, ಅದಕ್ಕೆ ಹೆದರಬೇಡಿ.

ಡೆಸ್ಕ್‌ಟಾಪಿನ ಒಳಗೆ ಡ್ರೈವನ್ನು ಜೋಡಿಸುವ ಸಾಟಾ ಕೇಬಲ್ ಒಮ್ಮೆ ಕಿತ್ತು ಮತ್ತೆ ಒತ್ತಿ ಹಾಕಿ. ಸರಿಯಾಗದಿದ್ದರೆ ಹಾರ್ಡ್ ಡಿಸ್ಕಿನ ಕೇಬಲ್ಲಿನ ಜೊತೆ ಅದಲು ಬದಲು ಮಾಡಿ ನೋಡಿ. ಇದಕ್ಕಿಂತ ಹೆಚ್ಚು ಹೇಳುವಂತಹದ್ದು ಇದರಲ್ಲಿಲ್ಲ.

ಡಿಸ್ಕಿನದ್ದೇ ತಪ್ಪು ಎಂದಾದರೆ

ಡಿವಿಡಿಯನ್ನು ಅಂಚಿನಿಂದ ನೋಡಿದರೆ ಅದು 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿದ್ದು. ಮಾಹಿತಿ ಇರುವುದು ಆ ಎರಡರ ನಡುವೆ. ಸೀಡಿಯಲ್ಲಿ ಹಾಗಲ್ಲ, ಮಾಹಿತಿಯ ಪದರ ಲೇಬಲ್ಲಿಗೆ ತಾಗಿಕೊಂಡಂತೆಯೇ ಇರುತ್ತದೆ. ಹಾಗಾಗಿ ಹಳೆಯ ಸೀಡಿಯ ಲೇಬಲ್ ಬದಿಯ ಗೀರು ತುಂಬ ಅಪಾಯ. ಆ ಬದಿಯಲ್ಲಿ ಪುಡಿ ಉದುರಿ, ಬೆಳಕಿಗೆ ಹಿಡಿದರೆ ತೂತು ಕಂಡರೆ ಅಲ್ಲಿದ್ದ ಮಾಹಿತಿ ಹೋದಂತೆ. ಡಿವಿಡಿಯಲ್ಲಿ ಓದುವ ಬದಿಯ ಮೇಲ್ಮೈ ಗೀರು ಎಷ್ಟೋ ಸಲ ಪ್ಲಾಸ್ಟಿಕ್ಕಿನ ಗಾಯ ಅಷ್ಟೇ.

ಗೀರು ಯಾವ ದಿಕ್ಕಿಗಿದೆ ಎನ್ನುವುದೂ ಮುಖ್ಯ. ಒಳಗಿನಿಂದ ಹೊರಗೆ, ಚಕ್ರದ ಅರದಂತೆ ಬಿದ್ದ ಗೀರನ್ನು ಲೇಸರ್ ಕ್ಷಣದಲ್ಲಿ ದಾಟಿಬಿಡುತ್ತದೆ. ಕಳೆದ ಚೂರನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಅದಕ್ಕಾಗಿಯೇ ಮಾಹಿತಿಯನ್ನು ಸೆಕ್ಟರ್ ಎನ್ನುವ ಸಣ್ಣ ತುಂಡುಗಳಾಗಿ ಒಡೆದು, 16 ಸೆಕ್ಟರ್‌ಗಳ ಗುಂಪು ಮಾಡಿ, ಪ್ರತಿ ಗುಂಪಿಗೂ ತಿದ್ದುಪಡಿಯ ಸಂಕೇತ ಸೇರಿಸಿರುತ್ತಾರೆ. ಆದರೆ ಗೀರು ಸುತ್ತಿನ ಗುಂಟ ಬಿದ್ದರೆ ಒಂದರ ಹಿಂದೆ ಒಂದು ಸೆಕ್ಟರ್ ಹೋಗುತ್ತದೆ, ಗುಂಪಿಗೆ ಗುಂಪೇ ಹೋಗುತ್ತದೆ, ತುಂಬಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಅದಕ್ಕೇ ಡಿಸ್ಕ್ ಒರೆಸುವಾಗ ಸುತ್ತು ಸುತ್ತು ಉಜ್ಜಬಾರದು. ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ. ಮೊದಲು ನಲ್ಲಿ ನೀರು ಬಿಟ್ಟು ಮರಳು, ಧೂಳು ತೊಳೆಯಿರಿ. ಬೂಷ್ಟು ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ನೀರು, ಬೆರಳ ತುದಿ. ಮೆತ್ತನೆಯ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಬಿಸಿಲಲ್ಲಿ ಒಣಗಿಸಬೇಡಿ, ರೈಟ್ ಮಾಡಿದ ಡಿಸ್ಕಿನ ಬಣ್ಣದ ಪದರಕ್ಕೆ ಬಿಸಿಲು ಶತ್ರು. ಪೆಟ್ರೋಲು, ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಟೂತ್‌ಪೇಸ್ಟ್ ಹಾಕಿ ಉಜ್ಜಿ ಎಂದು ಬಹಳ ಜನ ಹೇಳುತ್ತಾರೆ. ಒಂದೇ ಪ್ರತಿ ಇರುವ ಮದುವೆ ಡಿಸ್ಕಿನ ಮೇಲೆ ಅದನ್ನು ಮಾಡಲು ನಾನು ಬಿಡುವುದಿಲ್ಲ. ಇನ್ನೊಂದು ಡ್ರೈವಿನಲ್ಲಿ ಓದಿಸಿ ನೋಡುವುದರಿಂದ ಡಿಸ್ಕಿಗೆ ಏನೂ ಆಗುವುದಿಲ್ಲ, ಉಜ್ಜಿದ್ದನ್ನು ವಾಪಸ್ ತರಲು ಆಗುವುದಿಲ್ಲ.

ಸ್ಟುಡಿಯೋದವರು ವಧೂವರರ ಫೋಟೋ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಅದರ ಅಂಚು ನೋಡಿ. ಥಂಡಿಗೆ ಕಾಗದ ಉಬ್ಬಿ ಡಿಸ್ಕ್ ವಾಲುತ್ತದೆ, ಜೋರಾಗಿ ತಿರುಗುವಾಗ ನಡುಗುತ್ತದೆ. ಸ್ಟಿಕ್ಕರ್ ಕೀಳಲು ಹೋಗಬೇಡಿ. ಡ್ರೈವಿನ ವೇಗ ಇಳಿಸಿ ಓದಿಸಿ.

ಡಿಸ್ಕ್ ಹಾಕಿದರೆ 'ಖಾಲಿ' ಎಂದು ತೋರಿಸುತ್ತದೆಯೇ? ಓದುವ ಬದಿಯನ್ನು ಓರೆಯಾಗಿ ನೋಡಿ. ಒಳಗಿನ ಭಾಗದಲ್ಲಿ ಬೇರೆ ಛಾಯೆಯ ಉಂಗುರ ಕಂಡರೆ ಏನೋ ಬರೆದಿದೆ ಎಂದರ್ಥ. ಡಿವಿಡಿ ಕ್ಯಾಮೆರಾ ಅಥವಾ ರೆಕಾರ್ಡರಿನಲ್ಲಿ ತೆಗೆದು ಫೈನಲೈಸ್ ಮಾಡದೆ (ಬೇರೆ ಯಂತ್ರಗಳೂ ಓದುವಂತೆ ಮುಗಿಸದೆ) ಬಿಟ್ಟ ಡಿಸ್ಕ್ ಹೀಗೆ ಕಾಣುತ್ತದೆ. ಆ ಯಂತ್ರ ಇನ್ನೂ ಯಾರ ಬಳಿಯಾದರೂ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿಸಿ. ಇಲ್ಲದಿದ್ದರೆ ಐಸೋಬಸ್ಟರ್‌ನಂತಹ ಸಾಫ್ಟ್‌ವೇರ್ ಇಂತಹ ಡಿಸ್ಕನ್ನೂ ತೆರೆದು ನೋಡುತ್ತದೆ.

ವಿಸಿಡಿ ಎನ್ನುವ ಮೋಸಗಾರ ಲಕ್ಷಣ

ಡಬ್ಬಿಯಲ್ಲಿ ಡಿವಿಡಿ ಎಂದುಕೊಂಡಿದ್ದರಲ್ಲಿ ಕೆಲವು ವಿಸಿಡಿ, ಅಂದರೆ ಸೀಡಿಯಲ್ಲೇ ವಿಡಿಯೋ ತುಂಬಿದ ಡಿಸ್ಕ್ ಆಗಿರುತ್ತವೆ. ಹಳೆಯ ಮದುವೆಗಳಲ್ಲಿ ಎರಡು ಮೂರು ಡಿಸ್ಕಿನ ಸೆಟ್ ಕೊಟ್ಟಿದ್ದರೆ ಹೆಚ್ಚಾಗಿ ಇವೇ. ಒಂದು ಡಿಸ್ಕಿಗೆ 74 ನಿಮಿಷದಷ್ಟೇ ಹಿಡಿಯುತ್ತಿತ್ತು. ಒಳಗೆ ಎಂಪೆಗ್‌ಎವಿ ಎನ್ನುವ ಫೋಲ್ಡರ್, ಅದರಲ್ಲಿ ಡ್ಯಾಟ್ ಫೈಲುಗಳು. ಚಿತ್ರ 352×288 ಚುಕ್ಕೆಯದ್ದು.

ಲಿನಕ್ಸಿನಲ್ಲಿ ಆ ಡ್ಯಾಟ್ ಫೈಲನ್ನು ಎಳೆದು ಕಾಪಿ ಮಾಡಲು ಹೋದರೆ ಇನ್‌ಪುಟ್-ಔಟ್‌ಪುಟ್ ದೋಷ ಎಂದು ನಿಲ್ಲುತ್ತದೆ. ಡಿಸ್ಕ್ ಕನ್ನಡಿಯಂತೆ ಇದ್ದರೂ ನಿಲ್ಲುತ್ತದೆ. ಕಾರಣ ಬೇರೆ. ಮಾಮೂಲಿ ಸೀಡಿಯ ಒಂದು ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ, ವಿಸಿಡಿ ವಿಡಿಯೋದ ಸೆಕ್ಟರಿನಲ್ಲಿ 2324. ಮಾಮೂಲಿ ದಾರಿಯಲ್ಲಿ ಅದನ್ನು ಓದಲು ಆಗುವುದಿಲ್ಲ. ಇದು ಗೊತ್ತಿಲ್ಲದೆ ಒಳ್ಳೆಯ ಡಿಸ್ಕನ್ನು ಹಾಳಾಗಿದೆ ಎಂದು ಎಸೆದವರಿದ್ದಾರೆ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ವಿಸಿಡಿಇಮೇಜರ್ ಪ್ಯಾಕೇಜಿನಲ್ಲಿರುವ ವಿಸಿಡಿಎಕ್ಸ್‌ರಿಪ್ ಎನ್ನುವ ಉಪಕರಣ ಅದನ್ನು ಸರಿಯಾಗಿ ಇಳಿಸುತ್ತದೆ. ವಿಂಡೋಸಿನಲ್ಲಾದರೆ ಡ್ಯಾಟ್ ಫೈಲ್ ನೇರವಾಗಿಯೇ ಕಾಪಿ ಆಗುತ್ತದೆ, ವಿಎಲ್‌ಸಿ ಎನ್ನುವ ಉಚಿತ ಪ್ಲೇಯರಿನಲ್ಲಿ ಓಡುತ್ತದೆ.

ಅಂಗಡಿ ಸಿನಿಮಾ: ಬೀಗ ಮತ್ತು ರೀಜನ್

ವಿಂಡೋಸ್ 8ರಿಂದೀಚೆಗೆ ಮೀಡಿಯಾ ಪ್ಲೇಯರಿನಲ್ಲಿ ಡಿವಿಡಿ ಓಡಿಸುವ ಸೌಲಭ್ಯವನ್ನೇ ತೆಗೆದರು. ಹಾಗಾಗಿ "ವಿಂಡೋಸ್ ಹೊಸದು ಹಾಕಿಸಿದ ಮೇಲೆ ಡಿವಿಡಿ ಓಡುತ್ತಿಲ್ಲ" ಎನ್ನುವುದು ದೋಷವೇ ಅಲ್ಲ. ವಿಎಲ್‌ಸಿ ಹಾಕಿದರೆ ಮುಗಿಯಿತು, ಅದರ ವಿಂಡೋಸ್ ಆವೃತ್ತಿಯಲ್ಲಿ ಸಿಎಸ್‌ಎಸ್ ಬಿಚ್ಚುವ ಲಿಬ್‌ಡಿವಿಡಿಸಿಎಸ್‌ಎಸ್ ಜೊತೆಗೇ ಬರುತ್ತದೆ. ಉಬುಂಟು ಎನ್ನುವ ಲಿನಕ್ಸಿನಲ್ಲಿ ಹಾಗೆ ಬರುವುದಿಲ್ಲ. ಲಿಬ್‌ಡಿವಿಡಿ-ಪಿಕೆಜಿ ಎನ್ನುವ ಪ್ಯಾಕೇಜ್ ಹಾಕಿ, ಆಮೇಲೆ ಅದನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಬೇಕು. ಎಷ್ಟೋ ಜನ ಮೊದಲ ಹೆಜ್ಜೆ ಮಾಡಿ ಎರಡನೆಯದು ಬಿಡುತ್ತಾರೆ, ಆಗ ಚಿತ್ರ ಬರುವ ಬದಲು ಬಣ್ಣದ ಚೌಕಗಳು ಬರುತ್ತವೆ.

ಮಕ್ಕಳು ಅಮೆರಿಕದಿಂದ ಕಳಿಸಿದ ಡಿಸ್ಕ್ ರೀಜನ್ 1ರದ್ದು, ಗಲ್ಫಿನಿಂದ ತಂದದ್ದು ರೀಜನ್ 2. ಭಾರತ ರೀಜನ್ 5. ಡ್ರೈವಿನ ರೀಜನ್ ಬದಲಿಸಲು ಅವಕಾಶ ಇರುವುದು ಐದೇ ಸಲ, ಐದನೆಯದು ಶಾಶ್ವತವಾಗಿ ಉಳಿಯುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವಿನ ಪ್ರಾಪರ್ಟೀಸ್ ತೆಗೆದರೆ ಎಷ್ಟು ಸಲ ಉಳಿದಿದೆ ಎಂದು ಕಾಣುತ್ತದೆ. ರೀಜನ್ ಇನ್ನೂ ಗೊತ್ತುಮಾಡದ ಡ್ರೈವ್ ಆದರೆ 5ಕ್ಕೆ ಇಟ್ಟುಬಿಡಿ, ಆಮೇಲೆ ಮುಟ್ಟಬೇಡಿ. ಒಂದು ಅಮೆರಿಕದ ಸಿನಿಮಾಗಾಗಿ ಅತ್ತಿತ್ತ ಬದಲಿಸುತ್ತಾ ಹೋದರೆ ಕೊನೆಗೆ ನಮ್ಮ ಡಿಸ್ಕ್‌ಗಳೇ ಹೊರಗುಳಿಯುತ್ತವೆ.

ಕೆಲವು ಸಿನಿಮಾ ಡಿಸ್ಕ್‌ಗಳಲ್ಲಿ ಕಾಪಿ ತಡೆಯಲೆಂದೇ ಓದಲಾಗದ ಸೆಕ್ಟರ್‌ಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ಹೊಸ ಡಿಸ್ಕ್, ಒಂದು ಗೀರೂ ಇಲ್ಲ, ನೋಡಲು ಸಲೀಸಾಗಿ ಓಡುತ್ತದೆ, ಕಾಪಿ ಮಾಡುವಾಗ ಮಾತ್ರ ಸಿಕ್ಕಿಕೊಳ್ಳುತ್ತದೆ ಎಂದರೆ ಇದೇ ಕಾರಣ ಇರಬಹುದು.

ದುಡ್ಡು ಕೊಟ್ಟು ತಂದ ಡಿಸ್ಕನ್ನು ಮನೆಯವರು ನೋಡಲು ಬಳಸುವ ಮಾತನ್ನಷ್ಟೇ ಇಲ್ಲಿ ಆಡುತ್ತಿದ್ದೇನೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದನ್ನು ಅಪರಾಧ ಎನ್ನುತ್ತದೆ. ಪೆನ್‌ಡ್ರೈವಿಗೆ ಹಾಕಿ ಹಂಚುವುದು, ಮಾರುವುದು ಬೇಡ.

ಸೋತ ಡಿಸ್ಕನ್ನು ಒಂದೇ ಸಲಕ್ಕೆ ಇಳಿಸಿಕೊಳ್ಳುವುದು

ಫೈಲ್ ಮ್ಯಾನೇಜರಿನಲ್ಲಿ ಡಿವಿಡಿಯ ವಿಡಿಯೋ ಇರುವ ವಿಓಬಿ ಫೈಲುಗಳನ್ನು ಎಳೆದು ಕಾಪಿ ಮಾಡುವುದು ಎಲ್ಲರೂ ಮಾಡುವ ಕೆಲಸ. ಒಳ್ಳೆಯ ಡಿಸ್ಕಿಗೆ ನಡೆಯುತ್ತದೆ. ಸೋತ ಡಿಸ್ಕಿಗೆ ಇದು ಕೆಟ್ಟ ದಾರಿ. ಒಂದು ಸೆಕ್ಟರ್ ಸಿಗದಿದ್ದರೆ ಕಾಪಿಯೇ ನಿಲ್ಲುತ್ತದೆ, ನೀವು ಮೊದಲಿನಿಂದ ಶುರು ಮಾಡುತ್ತೀರಿ, ಡ್ರೈವ್ ಅದೇ ಜಾಗವನ್ನು ಮತ್ತೆ ಮತ್ತೆ ಕೆರೆಯುತ್ತದೆ.

ಇದಕ್ಕೆ ನಾನು ನೆಚ್ಚಿಕೊಂಡಿರುವುದು ಡಿಡಿರೆಸ್ಕ್ಯೂ ಎನ್ನುವ ಉಚಿತ ಉಪಕರಣವನ್ನು. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಿನ ಶುರುವಿನಲ್ಲಿ ಒಂದು 'ಜಿ' ಹೆಚ್ಚಿಗೆ ಇರುತ್ತದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಇಮೇಜ್ ಎನ್ನುವ ಒಂದೇ ಫೈಲಿಗೆ (ಇಡೀ ಡಿಸ್ಕಿನ ತದ್ರೂಪು) ತೆಗೆದುಕೊಂಡು, ಕಷ್ಟದ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಯಾವುದು ಸಿಕ್ಕಿತು, ಯಾವುದು ಬಾಕಿ ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಎರಡನೇ ಸುತ್ತಿನಲ್ಲಿ ಬಾಕಿ ಉಳಿದಿದ್ದಕ್ಕೆ ಮಾತ್ರ ಪ್ರಯತ್ನಿಸುತ್ತದೆ. ಬ್ಲಾಕ್ ಗಾತ್ರ 2048 ಎಂದು ಕೊಡಿ, ಮೊದಲ ಸುತ್ತಿಗೆ ಸಣ್ಣ 'ಎನ್' ಆಯ್ಕೆ, ಎರಡನೆಯದಕ್ಕೆ ಸಣ್ಣ 'ಡಿ' ಜೊತೆಗೆ 'ಆರ್' ಮುಂದೆ 3. ಮ್ಯಾಪ್ ಫೈಲಿನ ಹೆಸರು ಕೊಡುವುದನ್ನು ಮಾತ್ರ ಮರೆಯಬೇಡಿ.

ಈ ಮ್ಯಾಪ್ ಫೈಲ್ ನಮ್ಮಂತಹ ಊರಿನವರಿಗೆ ವರ. ಕಾಪಿ ನಡುವೆ ಕರೆಂಟು ಹೋಯಿತೇ? ಬಂದ ಮೇಲೆ ಅದೇ ಆದೇಶ ಮತ್ತೆ ಕೊಡಿ, ನಿಂತಲ್ಲಿಂದ ಮುಂದುವರಿಯುತ್ತದೆ. ಇನ್ನೂ ದೊಡ್ಡ ಉಪಯೋಗ ಬೇರೆ ಇದೆ. ನಿಮ್ಮ ಡ್ರೈವಿಗೆ ಸಿಗದ ಸೆಕ್ಟರ್‌ಗಳು ಪಕ್ಕದ ಮನೆಯ ಹಳೆಯ ಡ್ರೈವಿಗೆ ಸಿಗಬಹುದು. ಪ್ರತಿ ಡ್ರೈವಿನ ಲೇಸರ್, ಲೆನ್ಸ್ ಹೊಂದಾಣಿಕೆ ಬೇರೆ. ಅದೇ ಇಮೇಜ್, ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಆ ಡ್ರೈವಿನಲ್ಲಿ ಓಡಿಸಿದರೆ ಬಾಕಿ ಇರುವುದನ್ನು ಮಾತ್ರ ಅದು ತುಂಬುತ್ತದೆ. ಮದುವೆಯ ಎರಡು ಪ್ರತಿ ಇದ್ದು ಎರಡೂ ಒಂದೇ ಸಲಕ್ಕೆ ರೈಟ್ ಮಾಡಿದ ತದ್ರೂಪು ಡಿಸ್ಕ್‌ಗಳಾದರೆ, ಒಂದರ ತೂತನ್ನು ಇನ್ನೊಂದರಿಂದಲೂ ಮುಚ್ಚಬಹುದು. ಹೆಣ್ಣಿನ ಮನೆ, ಗಂಡಿನ ಮನೆ ಎರಡೂ ಕಡೆ ಕೇಳಿ ನೋಡಿ.

ಹೊತ್ತು ಎಷ್ಟು ಹಿಡಿಯುತ್ತದೆ? ಡಿವಿಡಿಯ ಒಂದು ಪಟ್ಟು ವೇಗ ಎಂದರೆ ಸೆಕೆಂಡಿಗೆ 1,385 ಕಿಲೋಬೈಟ್. 4.7 ಜಿಬಿಯ ಡಿಸ್ಕಿಗೆ ಆ ವೇಗದಲ್ಲಿ ಸುಮಾರು ಒಂದು ಗಂಟೆ. ಒಳ್ಳೆಯ ಡಿಸ್ಕ್ ಇದರ ಹಲವು ಪಟ್ಟು ವೇಗದಲ್ಲಿ ಬರುತ್ತದೆ. ಸೋತದ್ದಕ್ಕೆ ಇಡೀ ರಾತ್ರಿ ಬೇಕಾಗಬಹುದು, ಬಿಡಿ, ಓಡಲಿ. ಬೀಗ ಇರುವ ಸಿನಿಮಾ ಡಿಸ್ಕಿನ ಇಮೇಜ್ ತೆಗೆಯುವ ಮೊದಲು ವಿಎಲ್‌ಸಿಯಲ್ಲಿ ಒಂದು ನಿಮಿಷ ಓಡಿಸಿ, ಆಗ ಡ್ರೈವ್ ಬೀಗದ ಸೆಕ್ಟರ್‌ಗಳನ್ನು ಕೊಡಲು ಒಪ್ಪುತ್ತದೆ.

ಕಾಪಿ ಆಯಿತು, ಈಗ ನೋಡಲು ಸರಿಯಿಲ್ಲ

ಕಾಪಿ 4 ಜಿಬಿ ಹತ್ತಿರ ಬಂದು ಜಾಗ ಇದ್ದರೂ ನಿಂತರೆ ಡಿಸ್ಕನ್ನು ಬೈಯಬೇಡಿ. ಪೆನ್‌ಡ್ರೈವ್ ಫ್ಯಾಟ್32 ಎನ್ನುವ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿ. ನಿಮ್ಮ ಟಿವಿ ಯಾವುದನ್ನು ಓದುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ವಿಡಿಯೋ ಒಂದು ಜಿಬಿಯ ತುಂಡುಗಳಾಗಿ ಬಂದು, ತುಂಡು ಸೇರಿಸಿದ ಮೇಲೆ ಮಾತು ಒಂದು ಕಡೆ, ತುಟಿ ಒಂದು ಕಡೆ ಆದರೆ, ಸೇರಿಸಿದ ರೀತಿ ತಪ್ಪು. ಡಿವಿಡಿ ವಿಡಿಯೋವನ್ನು ಒಂದು ಜಿಬಿಗೆ ಮೀರದ ಫೈಲುಗಳಾಗಿ ತುಂಡು ಮಾಡಿಯೇ ಇಡುತ್ತಾರೆ. ಯಾವುದರ ನಂತರ ಯಾವುದು, ಎಲ್ಲಿಂದ ಎಲ್ಲಿಗೆ ಎನ್ನುವ ಲೆಕ್ಕ ಐಎಫ್‌ಓ ಫೈಲಿನಲ್ಲಿದೆ. ಮೇಕ್‌ಎಂಕೆವಿ ಎನ್ನುವ ಸಾಫ್ಟ್‌ವೇರಿಗೆ ಇಡೀ ಇಮೇಜ್ ಕೊಟ್ಟು ಟೈಟಲ್ ಆರಿಸಿ. ಅದು ಲೆಕ್ಕ ನೋಡಿ ಒಂದೇ ಫೈಲ್ ಮಾಡುತ್ತದೆ, ಚಿತ್ರವನ್ನು ಮತ್ತೆ ಕುಗ್ಗಿಸುವುದೂ ಇಲ್ಲ.

ಯಾರಾದರೂ ಓಡಾಡುವಾಗ ಅಂಚಿನಲ್ಲಿ ಅಡ್ಡ ಅಡ್ಡ ಗೆರೆ ಕಂಡರೆ ಅದು ಇಂಟರ್‌ಲೇಸ್. ಹಳೆಯ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧ ಚಿತ್ರ ಹಿಡಿಯುತ್ತಿದ್ದವು, ಎರಡು ಅರ್ಧ ಸೇರಿ ಒಂದು. ವಿಎಲ್‌ಸಿಯಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿದರೆ ಸಾಕು. ಹ್ಯಾಂಡ್‌ಬ್ರೇಕ್ ಎನ್ನುವ ಸಾಫ್ಟ್‌ವೇರಿನಲ್ಲಿ ಫೈಲ್ ಸಣ್ಣದು ಮಾಡುತ್ತಿದ್ದರೆ ಅಲ್ಲೂ ಅದನ್ನು ಆರಿಸಿ. ಆರಿಸದೆ ಕುಗ್ಗಿಸಿದರೆ ಆ ಗೆರೆಗಳು ಚಿತ್ರದಲ್ಲೇ ಅಂಟಿಕೊಳ್ಳುತ್ತವೆ. ಹಾಗಾಗಿ ಮೂಲ ಇಮೇಜನ್ನು ಅಳಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಎಲ್ಲರ ಮುಖ ಅಗಲವಾಗಿ ಕಂಡರೆ 4:3ರ ಚಿತ್ರವನ್ನು ಟಿವಿ ಎಳೆಯುತ್ತಿದೆ. ಚಿತ್ರ ಇದ್ದು ಸದ್ದು ಇಲ್ಲದಿದ್ದರೆ ಎಚ್‌ಡಿಎಂಐ ಮೂಲಕ ಡಾಲ್ಬಿ ಧ್ವನಿಯನ್ನು ಹಾಗೇ ಕಳಿಸುತ್ತಿರಬಹುದು, ಪಾಸ್‌ಥ್ರೂ ತೆಗೆದು ಸ್ಟೀರಿಯೋ ಮಾಡಿ. ಚಿತ್ರ ಹಸಿರಾಗಿ ಬಂದರೆ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ ನೋಡಿ. ಡಿವಿಡಿಯ ಚಿತ್ರ 720×576 ಅಷ್ಟೇ, ಹಳೆಯ ಪ್ರೊಸೆಸರ್ ಕೂಡ ಅದನ್ನು ಸುಲಭವಾಗಿ ಹೊರುತ್ತದೆ.

ಕೊನೆಗೆ ಪರೀಕ್ಷೆ. ಫೈಲಿನ ಶುರು ನೋಡಿ ತೃಪ್ತಿ ಪಡಬೇಡಿ. ಡಿವಿಡಿ ಒಳಗಿನಿಂದ ಹೊರಗೆ ಓದುತ್ತದೆ, ಕೈ ಹೆಚ್ಚು ತಾಗುವುದು, ಸ್ಟಿಕ್ಕರ್ ಏಳುವುದು, ಥಂಡಿ ನುಗ್ಗುವುದು ಹೊರ ಅಂಚಿನಲ್ಲಿ. ತುಂಬಿದ ಡಿಸ್ಕಿನಲ್ಲಿ ಮದುವೆಯ ಕೊನೆಯ ಭಾಗ ಇರುವುದು ಅಲ್ಲೇ. ಹೆಣ್ಣು ಒಪ್ಪಿಸುವ ಶಾಸ್ತ್ರ, ಊಟದ ಪಂಕ್ತಿ ಓಡಿಸಿ ನೋಡಿ. ಸರಿಯಿದ್ದರೆ ಇಮೇಜನ್ನು ಇನ್ನೊಂದು ಹಾರ್ಡ್ ಡಿಸ್ಕಿಗೂ ಹಾಕಿ ಬೇರೆ ಮನೆಯಲ್ಲಿಡಿ. ಮ್ಯಾಪ್ ಫೈಲಿನಲ್ಲಿ ಇನ್ನೂ ಬಾಕಿ ಇದ್ದರೆ ಅದನ್ನೂ ಇಮೇಜಿನ ಜೊತೆಗೇ ಇಡಿ, ಬೇರೆ ಡ್ರೈವ್ ಸಿಕ್ಕ ದಿನ ಬೇಕಾಗುತ್ತದೆ. ಡಿಸ್ಕನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಗಟ್ಟಿ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ನಿಲ್ಲಿಸಿಡಿ. ಆ ಪೊಟ್ಟಣವನ್ನು ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಬದಲಿಸಿ.